ವಾಟರ್ ಬ್ಲಾಕ್ ಇದ್ದೂ ಸಿಪಿಯು ಕಾಯುತ್ತಿದೆಯೇ? ಹೊಸ ಬ್ಲಾಕ್ ಕೊಳ್ಳುವ ಮುಂಚೆ ನೋಡಬೇಕಾದ್ದು

ಗೇಮ್ ಶುರುವಾಗಿ ಎರಡು ನಿಮಿಷಕ್ಕೆ ಸಿಪಿಯು 95 ಡಿಗ್ರಿ ಮುಟ್ಟಿತು ಅಂದರೆ ಹೆಚ್ಚಿನವರು ಮೊದಲು ಮಾಡುವುದು ಹೊಸ ಬ್ಲಾಕ್‌ನ ಬೆಲೆ ಹುಡುಕುವ ಕೆಲಸ. ಬ್ಲಾಕ್ ಎಂದರೆ ಸಿಪಿಯು ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ, ಅಲುಗಾಡುವ ಒಂದೂ ಭಾಗವಿಲ್ಲದ ವಸ್ತು. ಕೆಳಗೆ ಕೂದಲೆಳೆಯಷ್ಟು ಸಣ್ಣ ಸೀಳುಗಳನ್ನು ಕೊರೆದ ತಾಮ್ರದ ತಟ್ಟೆ, ಅದರ ಮೇಲೆ ನೀರನ್ನು ಸೀಳುಗಳ ನಡುಮಧ್ಯಕ್ಕೆ ಚಿಮ್ಮಿಸುವ ತೆಳ್ಳನೆಯ ಜೆಟ್ ಪ್ಲೇಟ್, ಮೇಲೊಂದು ಮುಚ್ಚಳ, ನಡುವೆ ಓ-ರಿಂಗ್. ಇಷ್ಟೇ. ಇದು ತಾನಾಗಿ ಕೆಡುವುದು ಅಪರೂಪ. ಅದನ್ನು ಕೂರಿಸಿದ ರೀತಿ ಕೆಟ್ಟಿರುತ್ತದೆ, ಇಲ್ಲವೇ ಒಳಗೆ ಹರಿಯುವ ನೀರು ಕೆಟ್ಟಿರುತ್ತದೆ. ಎರಡು ಒಳ್ಳೆಯ ಬ್ಲಾಕ್‌ಗಳ ನಡುವೆ ಸಾಮಾನ್ಯವಾಗಿ ಸಿಗುವ ವ್ಯತ್ಯಾಸ ಎರಡು-ಮೂರು ಡಿಗ್ರಿ. ನಿಮ್ಮ ಸಮಸ್ಯೆ ಹದಿನೈದು ಡಿಗ್ರಿಯದಾದರೆ ಅದು ಬ್ಲಾಕಿನ ಮಾಡೆಲ್‌ನಿಂದ ಬಂದದ್ದಲ್ಲ.

ಇದು ದೋಷವೇ ಹೌದೇ?

ಎಎಂಡಿಯ ರೈಜೆನ್ 7000 ಸರಣಿಯ ಎಕ್ಸ್ ಚಿಪ್‌ಗಳನ್ನು ಪೂರ್ಣ ಲೋಡ್‌ನಲ್ಲಿ 95 ಡಿಗ್ರಿಯವರೆಗೆ ಹೋಗಲೆಂದೇ ಮಾಡಲಾಗಿದೆ. ತಂಪು ಹೆಚ್ಚು ಸಿಕ್ಕಷ್ಟೂ ಅವು ವೇಗ ಏರಿಸಿಕೊಂಡು ಮತ್ತೆ 95ರ ಹತ್ತಿರಕ್ಕೇ ಬರುತ್ತವೆ. 7950ಎಕ್ಸ್‌ಗೆ ಸಾಕೆಟ್‌ನಿಂದ 230 ವ್ಯಾಟ್‌ವರೆಗೆ ಎಳೆಯುವ ಅನುಮತಿ ಇದೆ. 7800ಎಕ್ಸ್3ಡಿಯ ಮಿತಿ ಕಡಿಮೆ, 89 ಡಿಗ್ರಿ. ಇಂಟೆಲ್ ಕಡೆ 13900ಕೆ, 14900ಕೆಗಳ ಗರಿಷ್ಠ ಟರ್ಬೊ ಶಕ್ತಿ 253 ವ್ಯಾಟ್, ತಾಪಮಾನದ ಮಿತಿ 100 ಡಿಗ್ರಿ. ಹಲವು ಮದರ್‌ಬೋರ್ಡ್‌ಗಳು ಈ ಶಕ್ತಿಮಿತಿಯನ್ನು ಸದ್ದಿಲ್ಲದೆ ತೆಗೆದುಹಾಕಿರುತ್ತವೆ. ಬಯೋಸ್‌ನಲ್ಲಿ ಮಿತಿಯ ಜಾಗದಲ್ಲಿ 4096 ಎಂದು ಕಂಡರೆ ಮಿತಿಯೇ ಇಲ್ಲ ಎಂದರ್ಥ. ಮೊದಲು ಅದನ್ನು 253ಕ್ಕೆ ತನ್ನಿ. ಎಎಂಡಿ ಆದರೆ ಒಮ್ಮೆ ಶಕ್ತಿಮಿತಿ ಇಳಿಸುವ ಇಕೊ ಮೋಡ್ ಹಾಕಿ ನೋಡಿ. ಇದರಿಂದಲೇ ಸರಿಹೋದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಅಗತ್ಯವಿಲ್ಲ.

ನಾಲ್ಕು ಅಂಕಿಗಳು

ಕೋಣೆಯ ತಾಪಮಾನ, ನೀರಿನ ತಾಪಮಾನ, ಸಿಪಿಯು ತಾಪಮಾನ, ಸಿಪಿಯು ಎಳೆಯುತ್ತಿರುವ ವ್ಯಾಟ್. ಕೊನೆಯ ಎರಡನ್ನು ಎಚ್‌ಡಬ್ಲ್ಯುಇನ್‌ಫೊ ಎಂಬ ತಂತ್ರಾಂಶ ತೋರಿಸುತ್ತದೆ. ನೀರಿನದಕ್ಕೆ ಜಿ 1/4 (ವಾಟರ್ ಕೂಲಿಂಗ್ ಭಾಗಗಳ ಮಾಮೂಲಿ ಸ್ಕ್ರೂ ಎಳೆಯ ಅಳತೆ) ಪ್ಲಗ್ ರೂಪದಲ್ಲಿ ಬರುವ 10 ಕಿಲೋಓಮ್ ಥರ್ಮಿಸ್ಟರ್ ಸೆನ್ಸರ್ ಬೇಕು. ಬೋರ್ಡಿನಲ್ಲಿ ಎರಡು ಪಿನ್ನಿನ ತಾಪಮಾನದ ಹೆಡರ್ ಇದ್ದರೆ ಅಲ್ಲಿಗೇ ಸಿಕ್ಕಿಸಬಹುದು. ಅದು ಇಲ್ಲದವರು ಅಕ್ವೇರಿಯಂ ಥರ್ಮಾಮೀಟರಿನ ಪ್ರೋಬನ್ನು ರಿಸರ್ವಾಯರಿನ (ನೀರು ತುಂಬುವ ಪುಟ್ಟ ತೊಟ್ಟಿ) ಬಾಯಿಂದ ಇಳಿಬಿಟ್ಟು ಅಳೆದರೂ ಸಾಕು, ಪಂಪಿನ ಹತ್ತಿರ ತಂತಿ ಹೋಗದಂತೆ ನೋಡಿಕೊಂಡರೆ ಆಯಿತು.

ಸಿಪಿಯುವಿಗೆ ಪೂರ್ಣ ಲೋಡ್ ಕೊಡುವ ಸಿನಿಬೆಂಚ್ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ. ಒಂದು ಲೂಪಿನ (ಪಂಪ್, ಬ್ಲಾಕ್, ರೇಡಿಯೇಟರ್ ಸೇರಿದ ನೀರಿನ ಸುತ್ತು) ನೀರು ಸ್ಥಿರ ತಾಪಮಾನಕ್ಕೆ ಬರಲು 20ರಿಂದ 30 ನಿಮಿಷ ಹಿಡಿಯುತ್ತದೆ. ಐದು ನಿಮಿಷದ ಪರೀಕ್ಷೆ ನಂಬಿ ತೀರ್ಮಾನಕ್ಕೆ ಬರಬೇಡಿ.

ಉದಾಹರಣೆಗೆ ಕೋಣೆ 30, ನೀರು 39, ಸಿಪಿಯು 84, ಶಕ್ತಿ 180 ವ್ಯಾಟ್ ಎಂದಿಟ್ಟುಕೊಳ್ಳಿ. ನೀರಿಗೂ ಕೋಣೆಗೂ 9 ಡಿಗ್ರಿ ಅಂತರ. ಇದು ನೀರಿನ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರ್ ಮತ್ತು ಫ್ಯಾನ್‌ಗಳ ಲೆಕ್ಕ, 10ರ ಆಸುಪಾಸು ಇದ್ದರೆ ಅವು ತಮ್ಮ ಕೆಲಸ ಮಾಡುತ್ತಿವೆ. ಸಿಪಿಯುವಿಗೂ ನೀರಿಗೂ 45 ಡಿಗ್ರಿ. ಅದನ್ನು 180ರಿಂದ ಭಾಗಿಸಿದರೆ ವ್ಯಾಟಿಗೆ 0.25 ಡಿಗ್ರಿ. ಇದು ಬ್ಲಾಕ್, ಅದರಡಿ ಹಚ್ಚುವ ಶಾಖ ದಾಟಿಸುವ ಪೇಸ್ಟ್, ಚಿಪ್ಪಿನ ಮೇಲಿನ ಲೋಹದ ಮುಚ್ಚಳ ಈ ಮೂರರ ಲೆಕ್ಕ. ಈ ಅಂಕಿಯನ್ನು ಬೇರೆ ಚಿಪ್ಪಿನವರ ಅಂಕಿಯ ಜೊತೆ ಹೋಲಿಸಬೇಡಿ. ಒಂದೇ ಪುಟ್ಟ ಚಿಪ್ಲೆಟ್‌ನಲ್ಲಿ (ಮುಚ್ಚಳದಡಿಯ ಸಿಲಿಕಾನ್ ತುಂಡು) ಶಾಖವೆಲ್ಲ ಒತ್ತಟ್ಟಾಗಿರುವ ರೈಜೆನ್‌ನಲ್ಲಿ ಇದು ಸಹಜವಾಗಿಯೇ ಹೆಚ್ಚು. ನಿಮ್ಮದೇ ಮೆಷಿನ್ ಚೆನ್ನಾಗಿದ್ದಾಗಿನ ಅಂಕಿ ಬರೆದಿಟ್ಟಿದ್ದರೆ ಅದಕ್ಕಿಂತ ಬೆಲೆಬಾಳುವ ದಾಖಲೆ ಇನ್ನೊಂದಿಲ್ಲ.

ಈಗ ಕವಲು ಸ್ಪಷ್ಟ. ನೀರು ಕೋಣೆಗಿಂತ 18, 20 ಡಿಗ್ರಿ ಮೇಲಿದ್ದರೆ ಬ್ಲಾಕ್ ಮುಟ್ಟಬೇಡಿ. ರೇಡಿಯೇಟರಿನ ರೆಕ್ಕೆಗಳಲ್ಲಿ ಧೂಳು ಕಂಬಳಿಯಂತೆ ಕೂತಿದೆ, ಫ್ಯಾನ್ ನಿಧಾನ ತಿರುಗುತ್ತಿದೆ, ಅಥವಾ ಕೇಸಿನೊಳಗಿನ ಬಿಸಿ ಗಾಳಿಯನ್ನೇ ರೇಡಿಯೇಟರಿಗೆ ತಳ್ಳುತ್ತಿದ್ದೀರಿ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಕೋಣೆಯೇ 40 ಇದ್ದರೆ ಆರೋಗ್ಯವಂತ ಲೂಪಿನ ನೀರೂ 50ಕ್ಕೆ ನಿಲ್ಲುತ್ತದೆ. ಅಲ್ಲಿ ಯಾವ ಬ್ಲಾಕ್ ಹಾಕಿದರೂ ಅಷ್ಟೇ. ಡಿ5 ಎಂಬ ಮಾದರಿಯ ಪಂಪಿಗೆ ನೀರಿನ ಮಿತಿ 60 ಡಿಗ್ರಿ, ಪಿಇಟಿಜಿ ಪ್ಲಾಸ್ಟಿಕ್ಕಿನ ಗಟ್ಟಿ ಟ್ಯೂಬ್ ಅದಕ್ಕೂ ಮುಂಚೆಯೇ ಫಿಟ್ಟಿಂಗ್ ಹತ್ತಿರ ಮೆತ್ತಗಾಗಬಹುದು, ಆದ್ದರಿಂದ ಆ ಕಡೆಯವರು ಮೆದು ಟ್ಯೂಬ್ ಅಥವಾ ಅಕ್ರಿಲಿಕ್ ಹಾಕುವುದು ಕ್ಷೇಮ.

ನೀರು ತಣ್ಣಗಿದ್ದೂ ಸಿಪಿಯು ಕಾಯುತ್ತಿದ್ದರೆ ಮಾತ್ರ ಮುಂದೆ ಓದಿ.

ಏರುವ ಬಗೆ ನೋಡಿ

ಲೋಡ್ ಕೊಟ್ಟ ಒಂದೆರಡು ಸೆಕೆಂಡಿನಲ್ಲೇ ತಾಪಮಾನ 50ರಿಂದ 95ಕ್ಕೆ ಗೋಡೆ ಹತ್ತಿದಂತೆ ನೆಟ್ಟಗೆ ಹೋಗಿ ಅಲ್ಲೇ ನಿಂತರೆ ಬ್ಲಾಕಿಗೂ ಸಿಪಿಯುವಿಗೂ ಸರಿಯಾಗಿ ಕೂಡಿಕೊಂಡಿಲ್ಲ. ಲೋಡ್ ತೆಗೆದಾಗಲೂ ಅಷ್ಟೇ ಬೇಗ ಬೀಳುತ್ತದೆ. ಮೆಲ್ಲಗೆ ಹಲವು ನಿಮಿಷಗಳಲ್ಲಿ ಏರಿ ಒಂದು ಕಡೆ ನಿಂತರೆ ರೇಡಿಯೇಟರ್ ಕಡೆ ನೋಡಿ. ಎಲ್ಲೂ ನಿಲ್ಲದೆ ಏರುತ್ತಲೇ ಹೋಗಿ, ಬ್ಲಾಕಿನಿಂದ ಹೊರಬರುವ ಟ್ಯೂಬ್ ಬಿಸಿ, ಒಳಹೋಗುವುದು ತಣ್ಣಗೆ ಎಂದು ಕೈಗೇ ಗೊತ್ತಾಗುವಂತಿದ್ದರೆ ಹರಿವು ನಿಂತಿದೆ ಅಥವಾ ತೀರಾ ಕಡಿಮೆಯಾಗಿದೆ.

ಹರಿವಿನ ಬಗ್ಗೆ ಒಂದು ಸಣ್ಣ ಲೆಕ್ಕ, ಏಕೆಂದರೆ ಇಲ್ಲಿ ಮೂಢನಂಬಿಕೆ ಬಹಳ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4186 ಜೂಲ್ ಬೇಕು. ನಿಮಿಷಕ್ಕೆ ಒಂದು ಲೀಟರ್ ಹರಿಯುತ್ತಿದ್ದು ಸಿಪಿಯು 200 ವ್ಯಾಟ್ ಸುರಿದರೆ ಬ್ಲಾಕ್ ದಾಟುವಾಗ ನೀರು ಬಿಸಿಯಾಗುವುದು 3 ಡಿಗ್ರಿಗಿಂತ ಕಡಿಮೆ. ಹರಿವನ್ನು ನಾಲ್ಕು ಪಟ್ಟು ಮಾಡಿದರೆ ಈ ಲೆಕ್ಕದಲ್ಲಿ ಉಳಿತಾಯವಾಗುವುದು ಎರಡು ಡಿಗ್ರಿ ಚಿಲ್ಲರೆ. ಗಂಟೆಗೆ 60 ಲೀಟರ್ ದಾಟಿದ ಮೇಲೆ ಪಂಪನ್ನು ಕಿರುಚಿಸಿ ಸಿಗುವ ಲಾಭ ಸದ್ದಿಗೆ ತಕ್ಕದ್ದಲ್ಲ. ಆದರೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕೆಳಗೆ ಇಳಿದರೆ ಲೆಕ್ಕ ಬೇಗ ಕೆಡುತ್ತದೆ, ಸೀಳುಗಳಲ್ಲಿ ನೀರಿನ ರಭಸವೂ ಸಾಯುತ್ತದೆ.

ಪಂಪಿನ ಆರ್‌ಪಿಎಂ ನೋಡಿ. ಪೂರ್ಣ ವೇಗದ ಡಿ5 ಸುಮಾರು 4800ಕ್ಕೆ ತಿರುಗುತ್ತದೆ. ಅದನ್ನು ಸಿಪಿಯು ಫ್ಯಾನಿನ ಹೆಡರಿಗೆ ಸಿಕ್ಕಿಸಿ ಫ್ಯಾನಿನ ಕರ್ವ್‌ನಲ್ಲೇ ಬಿಟ್ಟಿದ್ದರೆ ಖಾಲಿ ಕೂತಾಗ ತೀರಾ ನಿಧಾನವಾಗಿರುತ್ತದೆ. ಪಂಪ್ ಹೆಡರಿಗೆ ಬದಲಿಸಿ, ವೇಗ ಸ್ಥಿರವಾಗಿಡಿ. ಆರ್‌ಪಿಎಂ ಚೆನ್ನಾಗಿದೆ ಎಂದ ಮಾತ್ರಕ್ಕೆ ನೀರು ಹರಿಯುತ್ತಿದೆ ಎಂದಲ್ಲ. ದಾರಿ ಕಟ್ಟಿಕೊಂಡಾಗ ಅಥವಾ ಪಂಪಿನೊಳಗೆ ಗಾಳಿ ಸಿಕ್ಕಾಗ ಚಕ್ರಕ್ಕೆ ಹೊರೆ ತಪ್ಪಿ ಆರ್‌ಪಿಎಂ ಮೊದಲಿಗಿಂತ ತುಸು ಮೇಲೇ ಹೋಗುತ್ತದೆ. ರಿಸರ್ವಾಯರಿನಲ್ಲಿ ನೀರು ಕಲಕುವುದು ನಿಂತು ಆರ್‌ಪಿಎಂ ಮಾತ್ರ ಏರಿದ್ದರೆ ಬ್ಲಾಕ್ ಬಿಚ್ಚುವ ಸಮಯ.

ಪೇಸ್ಟಿನ ಅಚ್ಚು ಓದುವುದು

ನೆಟ್ಟಗೆ ಏರಿದ ಪ್ರಕರಣದಲ್ಲಿ ನೀರು ಖಾಲಿ ಮಾಡುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಟ್ಯೂಬ್ ಮೆದುವಾಗಿದ್ದರೆ ಬ್ಲಾಕನ್ನು ಹಾಗೇ ಮೇಲೆತ್ತಬಹುದು. ಹತ್ತು ನಿಮಿಷ ಲೋಡ್ ಕೊಟ್ಟು ಪೇಸ್ಟ್ ಬೆಚ್ಚಗಾದ ಮೇಲೆ ಮೆಷಿನ್ ಆರಿಸಿ, ಪ್ಲಗ್ ತೆಗೆದು, ಸ್ಕ್ರೂಗಳನ್ನು ಸಡಿಲಿಸಿ, ಬ್ಲಾಕನ್ನು ಎಡಬಲಕ್ಕೆ ತಿರುಚುತ್ತ ಎತ್ತಿ. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ನೇರ ಎಳೆದರೆ ಸಿಪಿಯು ಪಿನ್ ಸಮೇತ ಕಿತ್ತು ಬರುವುದುಂಟು.

ಒರೆಸಬೇಡಿ, ಮೊದಲು ನೋಡಿ. ಸರಿಯಾಗಿ ಕೂತ ಬ್ಲಾಕಿನ ಅಚ್ಚು ನಡುವೆ ಬಹುತೇಕ ಪಾರದರ್ಶಕ, ಕೆಳಗಿನ ಲೋಹ ಮಬ್ಬಾಗಿ ಕಾಣುತ್ತದೆ. ಅಂಚಿಗೆ ಹೋದಂತೆ ದಪ್ಪ. ಒಂದು ಬದಿ ತೆಳು, ಎದುರು ಬದಿ ದಪ್ಪ ಇದ್ದರೆ ಸ್ಕ್ರೂಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿದಿದ್ದೀರಿ, ಬ್ಲಾಕ್ ವಾಲಿದೆ. ಇಡೀ ಅಚ್ಚು ದಪ್ಪಗೆ, ಹಾಕಿದ ಬೊಟ್ಟು ಬೊಟ್ಟಿನ ಹಾಗೇ ಉಳಿದಿದ್ದರೆ ಒತ್ತಡವೇ ಬಿದ್ದಿಲ್ಲ. ಅಂಚುಗಳು ತೆಳುವಾಗಿ ನಡುವೆ ಮಾತ್ರ ದಪ್ಪ ಉಳಿದಿದ್ದು ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ ಆಗಿದ್ದರೆ ಸಿಪಿಯುವಿನ ಮುಚ್ಚಳ ಬಾಗಿದೆ: ಆ ಸಾಕೆಟ್‌ನ ಕೊಕ್ಕೆ ಉದ್ದನೆಯ ಚಿಪ್ಪನ್ನು ನಡುವಿನಲ್ಲಿ ಎರಡು ಕಡೆ ಮಾತ್ರ ಅದುಮುವುದರಿಂದ ಹೀಗಾಗುತ್ತದೆ. ಅದಕ್ಕೆ ಕಾಂಟ್ಯಾಕ್ಟ್ ಫ್ರೇಮ್ ಎಂಬ ಅಲ್ಯೂಮಿನಿಯಂ ಚೌಕಟ್ಟು ಸಿಗುತ್ತದೆ. ಹಾಕುವಾಗ ಅತಿ ಬಿಗಿದರೆ ಮೆಮೊರಿ ಕಾಣದೆ ಹೋಗುತ್ತದೆ, ಆದ್ದರಿಂದ ಸ್ಕ್ರೂ ತಡೆದ ಮೇಲೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಇನ್ನು ತಟ್ಟೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡಿದ್ದರೆ ನಾಚಿಕೊಳ್ಳಬೇಕಿಲ್ಲ, ಅದು ನೀವು ಅಂದುಕೊಂಡಿರುವುದಕ್ಕಿಂತ ಎಷ್ಟೋ ಸಾಮಾನ್ಯ.

ಒತ್ತಡ ಬೀಳದಿದ್ದರೆ ಮೊದಲು ಸಂಶಯಿಸಬೇಕಾದ್ದು ಮೌಂಟಿಂಗ್ ಕಿಟ್. ಇಂಟೆಲ್‌ನ ಎಲ್‌ಜಿಎ 1150, 1151, 1155, 1200 ಎಲ್ಲದರ ತೂತುಗಳ ಅಂತರ 75 ಮಿಲಿಮೀಟರ್. 2021ರಲ್ಲಿ ಬಂದ 1700 ಮತ್ತು ಅದರ ನಂತರದ 1851ರಲ್ಲಿ ಅದು 78. ಕೇವಲ ಮೂರು ಮಿಲಿಮೀಟರ್ ಅಲ್ಲವೇ ಎಂದು ಹಳೆಯ ಕಿಟ್ಟಿನ ತೂತನ್ನು ಅಗಲ ಮಾಡಿ ಕೂರಿಸುವವರಿದ್ದಾರೆ. ಕೂರುತ್ತದೆ, ಆದರೆ 1700ರಲ್ಲಿ ಸಿಪಿಯುವಿನ ಮೇಲ್ಮೈ ಬೋರ್ಡಿನಿಂದ ಹಿಂದಿನಷ್ಟು ಎತ್ತರವಿಲ್ಲ. ಹಳೆಯ ಸ್ಟ್ಯಾಂಡ್‌ಆಫ್‌ನ (ಸ್ಕ್ರೂ ಕೂರುವ ಪುಟ್ಟ ಕಂಬ) ತುದಿ ಮುಟ್ಟಿ ಸ್ಕ್ರೂ ನಿಲ್ಲುತ್ತದೆ, ಕೈಗೆ ಬಿಗಿಯಾದಂತೆ ಅನ್ನಿಸುತ್ತದೆ, ಸ್ಪ್ರಿಂಗ್ ಮಾತ್ರ ಒತ್ತಿರುವುದಿಲ್ಲ. ಎಎಂಡಿಯಲ್ಲಿ ಎಎಂ4, ಎಎಂ5 ಎರಡಕ್ಕೂ ತೂತುಗಳು 90 ಮತ್ತು 54 ಮಿಲಿಮೀಟರ್ ಅಂತರದವೇ; ಆದರೆ ಎಎಂ5ರ ಹಿಂಬದಿ ತಟ್ಟೆ ಸಾಕೆಟ್ಟಿನ ಭಾಗ, ಬಿಚ್ಚಲಾಗದು. ತನ್ನದೇ ಹಿಂಬದಿ ತಟ್ಟೆ ಬೇಡುವ ಹಳೆಯ ಬ್ಲಾಕ್ ಅಲ್ಲಿ ಕೂರುವುದಿಲ್ಲ. ಹೆಚ್ಚಿನ ತಯಾರಕರು ಹೊಸ ಸಾಕೆಟ್ಟಿನ ಕಿಟ್ಟನ್ನಷ್ಟೇ ಬೇರೆ ಮಾರುತ್ತಾರೆ, ಹೊಸ ಬ್ಲಾಕಿಗಿಂತ ಬಹಳ ಅಗ್ಗ.

ಮತ್ತೆ ಕೂರಿಸುವಾಗ ನಡುವೆ ದೊಡ್ಡ ಬಟಾಣಿಯಷ್ಟು, ನಾಲ್ಕು ಮೂಲೆಗೆ ಸಾಸಿವೆಗಿಂತ ತುಸು ದೊಡ್ಡ ಬೊಟ್ಟು ಪೇಸ್ಟ್ ಸಾಕು. ನಾಲ್ಕೂ ಸ್ಕ್ರೂ ಎಳೆ ಹಿಡಿಯುವವರೆಗೆ ಬೆರಳಲ್ಲಿ ತಿರುಗಿಸಿ, ಆಮೇಲೆ ಕೋನಕ್ಕೆ ಕೋನ ಎದುರುಬದುರಾಗಿ ಅರ್ಧರ್ಧ ಸುತ್ತು. ಸ್ಕೂಟರ್ ಚಕ್ರದ ನಟ್ ಬಿಗಿಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಒಳಗೆ ಕಟ್ಟಿಕೊಂಡಿದ್ದರೆ

ಸೀಳುಗಳ ಅಗಲ ಒಂದು ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಲೂಪಿನಲ್ಲಿ ಇದಕ್ಕಿಂತ ಸಣ್ಣ ಜರಡಿ ಬೇರೆ ಇಲ್ಲವಾದ್ದರಿಂದ ತೇಲುವ ಕೊಳೆಯೆಲ್ಲ ಇಲ್ಲಿಗೇ ಬಂದು ನಿಲ್ಲುತ್ತದೆ. ನೀರು ಇಳಿಸಿ, ಬ್ಲಾಕ್ ಬಿಚ್ಚಿ, ಕೊಳೆಯ ಬಣ್ಣ ನೋಡಿದರೆ ಕಾರಣ ಅಲ್ಲೇ ಬರೆದಿರುತ್ತದೆ.

ಬಿಳಿ, ಮೇಣದಂಥ ಜಿಡ್ಡು ಬೆರಳಿಗೆ ಜಾರುತ್ತಿದ್ದರೆ ಅದು ಪಾರದರ್ಶಕ ಪಿವಿಸಿ ಟ್ಯೂಬಿನಿಂದ ಬಿಟ್ಟ, ಅದನ್ನು ಮೆದುವಾಗಿಡುವ ಪ್ಲಾಸ್ಟಿಸೈಜರ್. ಬ್ಲಾಕ್ ಎಷ್ಟು ತೊಳೆದರೂ ಟ್ಯೂಬ್ ಬದಲಿಸದೆ ನಿಲ್ಲದು. ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬಿಗೆ ಈ ರೋಗವಿಲ್ಲ. ಹಸಿರು ಲೋಳೆ ಪಾಚಿ: ಪಾಚಿ ಕೊಲ್ಲುವ ಬಯೋಸೈಡ್ ಹಾಕಿಲ್ಲ, ಮೇಲೆ ಬಿಸಿಲು ಬೀಳುವ ಕಿಟಕಿ. ನೀಲಿ-ಹಸಿರು ಪುಡಿ ತಾಮ್ರದ ಕಿಲುಬು. ಹಾಲಿನಂಥ ಬಣ್ಣಬಣ್ಣದ ಪೇಸ್ಟಲ್ ದ್ರವ ಹಾಕಿದ್ದರೆ ಅದೇ ಬಣ್ಣದ ಕೆಸರು ಸಿಗುತ್ತದೆ, ಏಕೆಂದರೆ ಆ ಬಣ್ಣ ಕರಗಿದ್ದಲ್ಲ, ತೇಲುವ ಕಣ. ಫೋಟೊಗೆ ಚೆಂದ, ವರ್ಷಗಟ್ಟಲೆ ಓಡಿಸುವುದಕ್ಕಲ್ಲ. ಗೀಜರ್ ಕಾಯಿಲ್ ಮೇಲೆ ಕಾಣುವಂಥ ಗಟ್ಟಿ ಬಿಳಿ ಪದರವಾದರೆ ಯಾರೋ ಬೋರ್‌ವೆಲ್ ನೀರು ಹಾಕಿದ್ದಾರೆ. ಆರ್‌ಒ ನೀರು ಪರವಾಗಿಲ್ಲವೇ ಎಂದರೆ ಅದರಲ್ಲೂ ಕರಗಿದ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ನೀರೇ ಬೇಕು. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ನೀರನ್ನೇ ತಂದರೆ ಡಬ್ಬಿಯ ಮೇಲೆ ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಎಂದು ಬರೆದಿದೆಯೇ ನೋಡಿ. ಆಸಿಡ್ ಬೆರೆತ ಬ್ಯಾಟರಿ ದ್ರವವೂ ಪಕ್ಕದಲ್ಲೇ ಇರುತ್ತದೆ, ಜೋಕೆ. ಅದಕ್ಕೆ ಬಯೋಸೈಡ್ ಮತ್ತು ತುಕ್ಕು ತಡೆಯುವ ದ್ರವ ಸೇರಿಸದೆ ಬರೀ ನೀರಲ್ಲಿ ಓಡಿಸಬೇಡಿ.

ಬೂದು-ಬಿಳಿ ಹರಳು ಸಿಕ್ಕಿ, ಲೂಪಿನಲ್ಲಿ ಎಲ್ಲಾದರೂ ಅಲ್ಯೂಮಿನಿಯಂ ರೇಡಿಯೇಟರ್ ಇದ್ದರೆ ಆ ರೇಡಿಯೇಟರ್ ಕರಗುತ್ತಿದೆ. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದೇ ನೀರಿನಲ್ಲಿದ್ದರೆ ಅದೊಂದು ಬ್ಯಾಟರಿ, ಸವೆಯುವುದು ಅಲ್ಯೂಮಿನಿಯಂ. ಇಲ್ಲಿ ತೊಳೆದು ಪ್ರಯೋಜನವಿಲ್ಲ, ರೇಡಿಯೇಟರನ್ನೇ ತೆಗೆಯಬೇಕು.

ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ, ಮುಖ್ಯವಾಗಿ ಜೆಟ್ ಪ್ಲೇಟ್ ಯಾವ ಮುಖ ಮೇಲಾಗಿ, ಯಾವ ದಿಕ್ಕಿಗೆ ಕೂತಿತ್ತು ಎಂದು. ಬರಿಯ ತಾಮ್ರವಾದರೆ ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ಐದು ನಿಮಿಷ ಮುಳುಗಿಸಿ, ಮೆದು ಟೂತ್‌ಬ್ರಷ್‌ನಿಂದ ಸೀಳುಗಳ ಉದ್ದಕ್ಕೆ ಉಜ್ಜಿ. ಅಡ್ಡ ಉಜ್ಜಿದರೆ ತೆಳು ರೆಕ್ಕೆಗಳು ಬಾಗುತ್ತವೆ. ಚೊಂಬು ಬೆಳಗಿದಂತೆ ಹುಣಸೆಹಣ್ಣು ಹಾಕಿ ತಿಕ್ಕುವ ಆಸೆ ಬಂದರೆ ತಡೆದುಕೊಳ್ಳಿ. ತಾಮ್ರವೇನೋ ಹೊಳೆಯುತ್ತದೆ, ನಾರು ಸೀಳಿನಲ್ಲಿ ಸಿಕ್ಕಿಕೊಂಡು ಹೊಸ ಅಡಚಣೆಯಾಗುತ್ತದೆ. ನಿಕ್ಕಲ್ ಲೇಪನ ಇರುವ ತಟ್ಟೆಗೆ ಹುಳಿಯೇ ಬೇಡ, ಪಾತ್ರೆ ತೊಳೆಯುವ ದ್ರವದ ಎರಡು ಹನಿ ಸಾಕು, ಆದರೆ ನೊರೆ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಅಕ್ರಿಲಿಕ್ ಮುಚ್ಚಳಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದರೆ ಸೂಕ್ಷ್ಮ ಬಿರುಕುಗಳು ಹರಡುತ್ತವೆ. ಆಲ್ಕೊಹಾಲ್ ತಟ್ಟೆಯ ಹೊರಮೈಯ ಪೇಸ್ಟ್ ಒರೆಸಲು ಮಾತ್ರ. ಓ-ರಿಂಗ್ ಚಪ್ಪಟೆಯಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ತೋಡಿನಲ್ಲಿ ಎಲ್ಲೂ ಎದ್ದಿಲ್ಲವೆಂದು ಬೆರಳಾಡಿಸಿ ನೋಡಿ ಮುಚ್ಚಿ.

ಜೋಡಿಸುವಾಗ ಒಳಹರಿವಿನ ಗುರುತು ನೋಡಲು ಮರೆಯಬೇಡಿ. ಸಿಪಿಯು ಬ್ಲಾಕಿನಲ್ಲಿ ನೀರು ನಡುವೆ ಚಿಮ್ಮಿ ಎರಡೂ ಬದಿಗೆ ಹೋಗಬೇಕು. ಟ್ಯೂಬ್ ಅದಲುಬದಲಾದರೆ ಕೆಲಸ ಮಾಡುತ್ತದೆ, ಆದರೆ ಕೆಲವು ಡಿಗ್ರಿ ಸುಮ್ಮನೆ ಕಳೆದುಕೊಳ್ಳುತ್ತೀರಿ. ಗ್ರಾಫಿಕ್ಸ್ ಕಾರ್ಡಿನ ಬಹುತೇಕ ಬ್ಲಾಕ್‌ಗಳಿಗೆ ದಿಕ್ಕಿನ ಹಟ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಕಾದರೆ

ಸರಾಸರಿ ತಾಪಮಾನಕ್ಕಿಂತ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಅಂಕಿ ನೋಡಿ. ಎರಡರ ನಡುವೆ 10–15 ಡಿಗ್ರಿ ಸಹಜ. 25–30 ಆದರೆ ಬ್ಲಾಕ್ ಚಿಪ್ಪಿನ ಮೇಲೆ ಸಮನಾಗಿ ಕೂತಿಲ್ಲ. ಹೆಚ್ಚಾಗಿ ಕಾರಣ ಥರ್ಮಲ್ ಪ್ಯಾಡ್: ಒಂದು ಮಿಲಿಮೀಟರ್ ಬೇಕಾದಲ್ಲಿ ಒಂದೂವರೆಯದು ಹಾಕಿದರೆ ಮೆಮೊರಿಯ ಮೇಲೆ ಕೂತ ಪ್ಯಾಡೇ ಬ್ಲಾಕನ್ನು ಎತ್ತಿ ಹಿಡಿಯುತ್ತದೆ. ಕೈಪಿಡಿಯಲ್ಲಿ ಎಲ್ಲಿಗೆ ಯಾವ ದಪ್ಪ ಎಂದಿದೆಯೋ ಅದೇ ಹಾಕಿ.

ನಿಜಕ್ಕೂ ಹೊಸದು ಬೇಕಾದಾಗ

ಮುಚ್ಚಳ ಸೀಳಿದೆ, ನಿಕ್ಕಲ್ ಎದ್ದು ಹೋಗಿದೆ, ಹೊಸ ಸಾಕೆಟ್ಟಿಗೆ ಕಿಟ್ ಬರುವುದಿಲ್ಲ, ಅಥವಾ ಸೀಳುಗಳ ಜಾಗ ಚಿಪ್ಪಿಗಿಂತ ಚಿಕ್ಕದು. ಬ್ಲಾಕ್ ಬದಲಿಸಲು ಕಾರಣಗಳು ಹೆಚ್ಚುಕಮ್ಮಿ ಇಷ್ಟೇ. ಕೊನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. 1151ರ ಚಿಪ್ 37.5 ಮಿಲಿಮೀಟರ್ ಚೌಕ, 1700ರದ್ದು 37.5ಕ್ಕೆ 45. ರೈಜೆನ್‌ನಲ್ಲಿ ಶಾಖ ಹುಟ್ಟುವ ಚಿಪ್ಲೆಟ್‌ಗಳು ನಡುವಿನಲ್ಲಿಲ್ಲ, ಒಂದು ಅಂಚಿನ ಕಡೆಗಿವೆ. ಬ್ಲಾಕನ್ನು ಆ ಕಡೆಗೆ ಕೆಲವು ಮಿಲಿಮೀಟರ್ ಸರಿಸಿ ಕೂರಿಸುವ ಬ್ರಾಕೆಟ್ ಸಿಗುವ ಮಾಡೆಲ್ ಆದರೆ ಒಳ್ಳೆಯದು. ಎಎಂಡಿಯ ದೊಡ್ಡ ಚಿಪ್ ಥ್ರೆಡ್‌ರಿಪ್ಪರ್‌ಗೆ ಅದರದೇ ದೊಡ್ಡ ತಟ್ಟೆಯ ಬ್ಲಾಕ್ ಬೇಕು, ಮಾಮೂಲಿಯದಕ್ಕೆ ಬ್ರಾಕೆಟ್ ಸೇರಿಸಿ ಒಪ್ಪಿಸುವ ಕಿಟ್‌ಗಳು ಅಂಚಿನ ಚಿಪ್ಲೆಟ್‌ಗಳನ್ನು ಮುಟ್ಟುವುದೇ ಇಲ್ಲ.

ಮುಚ್ಚಳದ ವಿಷಯದಲ್ಲಿ ಅಕ್ರಿಲಿಕ್ ಕೊಳೆಯನ್ನು ಬಿಚ್ಚದೆಯೇ ತೋರಿಸುತ್ತದೆ, ಆದರೆ ಫಿಟ್ಟಿಂಗ್ ಸ್ಪ್ಯಾನರ್ ಹಾಕಿ ಬಿಗಿದರೆ ಸೀಳುತ್ತದೆ. ಕಪ್ಪು ಅಸಿಟಾಲ್ ಪ್ಲಾಸ್ಟಿಕ್ ಏನನ್ನೂ ತೋರಿಸದು, ಏನನ್ನೂ ಲೆಕ್ಕಿಸದು. ಮೊದಲ ಸಲ ಕೂರಿಸುವವರಿಗೆ ಅಸಿಟಾಲ್ ವಾಸಿ. ಎರಡಕ್ಕೂ ಫಿಟ್ಟಿಂಗ್ ಕೈಬಿಗಿ ಸಾಕು, ಸೋರುವುದನ್ನು ತಡೆಯುವುದು ಓ-ರಿಂಗ್, ಬಲವಲ್ಲ. ಎರಡು ಪೋರ್ಟ್‌ಗಳ ನಡುವಿನ ಅಂತರ ಅಳೆಯಿರಿ. ಸ್ಕ್ರೂ ಎಳೆ ಎಲ್ಲದಕ್ಕೂ ಜಿ 1/4 ಆದರೂ 16 ಮಿಲಿಮೀಟರ್ ಹೊರವ್ಯಾಸದ ಟ್ಯೂಬಿನ ದಪ್ಪ ಫಿಟ್ಟಿಂಗ್‌ಗಳು ಒಂದಕ್ಕೊಂದು ತಾಗಬಹುದು. ದೀಪವಿರುವ ಬ್ಲಾಕಾದರೆ ಮೂರು ಪಿನ್ನಿನ 5 ವೋಲ್ಟಿನದ್ದನ್ನು ನಾಲ್ಕು ಪಿನ್ನಿನ 12 ವೋಲ್ಟ್ ಹೆಡರಿಗೆ ತುರುಕಿದರೆ ದೀಪ ಅಲ್ಲಿಗೆ ಮುಗಿಯಿತು. ಸಿಪಿಯು ಜೊತೆಗೆ ಬೋರ್ಡಿನ ವಿಆರ್‌ಎಂ (ಸಿಪಿಯುವಿಗೆ ವಿದ್ಯುತ್ ಹದಗೊಳಿಸುವ ಭಾಗ) ಕೂಡ ಮುಚ್ಚುವ ಮೊನೊಬ್ಲಾಕ್ ಆ ಒಂದು ಬೋರ್ಡಿಗೆ ಮಾತ್ರ. ಬೋರ್ಡ್ ಹೋದ ದಿನ ಅದೂ ಗುಜರಿ. ಗ್ರಾಫಿಕ್ಸ್ ಬ್ಲಾಕನ್ನು ಕಾರ್ಡಿನ ಹೆಸರು ನೋಡಿ ಅಲ್ಲ, ತಯಾರಕರ ಪಟ್ಟಿಯಲ್ಲಿ ನಿಮ್ಮ ಕಾರ್ಡಿನ ಪೂರ್ಣ ಮಾಡೆಲ್ ಸಂಖ್ಯೆ ನೋಡಿ ಕೊಳ್ಳಿ. ಒಂದೇ ಚಿಪ್ಪಿನ ಎರಡು ಕಂಪನಿಯ ಕಾರ್ಡ್‌ಗಳಲ್ಲಿ ಕೆಪಾಸಿಟರ್‌ಗಳ ಜಾಗ ಬೇರೆ ಬೇರೆ.

ನೀರು ತುಂಬುವಾಗ

ಮೊದಲು ಗಾಳಿ ಪರೀಕ್ಷೆ. ಲೀಕ್ ಟೆಸ್ಟರಿನಿಂದ 0.3ರಿಂದ 0.5 ಬಾರ್ ಒತ್ತಡ ಕೊಟ್ಟು ಕಾಲು ಗಂಟೆ ಮುಳ್ಳು ಅಲುಗದಿದ್ದರೆ ನೀರು ಹಾಕಿ. ಪಂಪಿನ ಹೊರತು ಬೇರೆ ಯಾವುದಕ್ಕೂ ಕರೆಂಟ್ ಕೊಡಬೇಡಿ: ಬೋರ್ಡಿನ 24 ಪಿನ್, ಸಿಪಿಯು, ಕಾರ್ಡಿನ ಕೇಬಲ್ ಎಲ್ಲ ಕಳಚಿ, 24 ಪಿನ್ ಕನೆಕ್ಟರಿಗೆ ಜಂಪರ್ ಪ್ಲಗ್ ಸಿಕ್ಕಿಸಿ. ಅದು 16ನೇ ಪಿನ್ನನ್ನು ಪಕ್ಕದ 17ಕ್ಕೆ ಸೇರಿಸಿ ಪವರ್ ಸಪ್ಲೈಯನ್ನು ಎಬ್ಬಿಸುತ್ತದೆ. ರಿಸರ್ವಾಯರ್ ತುಂಬಿ, ಪಂಪ್ ಐದು ಸೆಕೆಂಡ್ ಓಡಿಸಿ, ನೀರು ತಳ ಮುಟ್ಟುವ ಮುಂಚೆ ಆರಿಸಿ, ಮತ್ತೆ ತುಂಬಿ. ಪಂಪ್ ಒಣಗಿ ಓಡಬಾರದು, ಅದರ ಬೇರಿಂಗಿಗೆ ನೀರೇ ಎಣ್ಣೆ. ಪ್ರತಿ ಫಿಟ್ಟಿಂಗ್ ಕೆಳಗೂ ಟಿಶ್ಯು ಹಾಸಿ, ಕೇಸನ್ನು ಆ ಕಡೆ ಈ ಕಡೆ ವಾಲಿಸಿ ಗಾಳಿ ಬಿಡಿಸುತ್ತ ಕೆಲವು ಗಂಟೆ ಓಡಿಸಿ.

ಮೊದಲ ವಾರ ರಿಸರ್ವಾಯರಿನ ಮಟ್ಟ ಒಂದೆರಡು ಸೆಂಟಿಮೀಟರ್ ಇಳಿದರೆ ಗಾಬರಿ ಬೇಡ, ರೇಡಿಯೇಟರಿನಲ್ಲಿ ಅಡಗಿದ್ದ ಗಾಳಿ ಹೊರಬಂದು ಆ ಜಾಗಕ್ಕೆ ನೀರು ಹೋಗಿದೆ. ಎರಡನೆಯ ವಾರವೂ ಅದೇ ವೇಗದಲ್ಲಿ ಇಳಿದರೆ ಟಿಶ್ಯುವನ್ನು ಬೆರಳಿಗೆ ಸುತ್ತಿ ಬ್ಲಾಕಿನ ಸುತ್ತ, ಫಿಟ್ಟಿಂಗಿನ ಬುಡದಲ್ಲಿ ಒಂದೊಂದಾಗಿ ಒರೆಸಿ ನೋಡಿ.